ಝುವೈನಾ ಅತ್ತೆಯ ಮಿಡತೆ

ಆ ಬುಧವಾರ ಅತ್ತೆ ಬರುತ್ತಾಳೆಂದು ಮೊದಲೇ ಗೊತ್ತಿದ್ದಿದ್ದರೆ ಗ್ಯಾರೇಜಿಗೆ ಬೀಗ ಜಡಿದು ಮಸ್ಕತ್ತಿನ ದಾರಿ ಹಿಡಿಯುತ್ತಿದ್ದೆ. ಸುಳ್ಳು, ಹೋಗುತ್ತಿರಲಿಲ್ಲ. ಆದರೆ ಆಮೇಲಿನ ಒಂಬತ್ತು ದಿನವೂ ಹೆಂಡತಿಯ ಮುಂದೆ ಇದನ್ನೇ ಹೇಳಿಕೊಂಡು ತಿರುಗಿದೆ.

ನಮ್ಮೂರು ಬಿದಿಯಾದ ಗ್ಯಾರೇಜುಗಳ ಸಾಲಿನಲ್ಲಿ ಕಟ್ಟಕಡೆಯದು ನನ್ನದು. ಹಿಂಗೋಡೆಯ ಆಚೆ ಮರಳು ಶುರುವಾಗುತ್ತದೆ. ಗಾಳಿ ಎದ್ದ ದಿನ ಗೋಡೆಯ ಈಚೆಗೂ ಬರುತ್ತದೆ. ಅವತ್ತು ನಾನು ಮತ್ತು ಗುಲ್ ಜಮಾನ್ ಒಂದು ಪಿಕಪ್ಪಿನ ಕ್ಲಚ್ಚು ಬಿಚ್ಚಿ ಹರಡಿಕೊಂಡು ಕೂತಿದ್ದೆವು. ಗುಲ್ ಜಮಾನ್ ಪೇಶಾವರದ ಕಡೆಯವನು, ವೆಲ್ಡಿಂಗ್ ಅವನ ಕೆಲಸ. ನನಗಿಂತ ಹತ್ತು ವರ್ಷ ದೊಡ್ಡವನು. ಹದಿನೆಂಟು ವರ್ಷದಿಂದ ನನ್ನ ಜೊತೆಗಿದ್ದಾನೆ, ಹಾಗಾಗಿ ನನ್ನ ಕೂಗಾಟಕ್ಕೆಲ್ಲ ಅವನು ತಲೆ ಎತ್ತುವುದೂ ಇಲ್ಲ.

ಒಂದು ಲಾರಿ ಬಂದು ನಿಂತಿತು. ಮುಂದಿನ ಸೀಟಿನಿಂದ ನಮ್ಮಪ್ಪನ ತಂಗಿ ಝುವೈನಾ ಅತ್ತೆ ಇಳಿದಳು. ಅರವತ್ತು ದಾಟಿದ ಹೆಂಗಸು, ಲಾರಿಯಿಂದ ಹುಡುಗಿಯ ಹಾಗೆ ಧುಮುಕಿದಳು. ನಮ್ಮ ಮರಳುಗಾಡಿನ ಹೆಂಗಸರು ಹಾಕಿಕೊಳ್ಳುವ ಮುಖವಾಡದ ಕಿಂಡಿಯಿಂದ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಏನೋ ಹುವೇಶಿಲ್, ಹೊಟ್ಟೆ ಬಂದಿದೆ?"

"ಹೊಟ್ಟೆ ಅಲ್ಲ ಅತ್ತೆ, ಅಂಗಿ ದೊಡ್ಡದು. ಬಾ, ಕೂತ್ಕೋ."

"ಅಂಗಿ ಒಳಗೆ ಗಾಳಿ ತುಂಬಿಸ್ಕೊಂಡಿದ್ದೀಯ ಅನ್ನು ಹಾಗಾದ್ರೆ."

ಚಾಪೆ ಹಾಸಿದೆ. ಖರ್ಜೂರದ ತಟ್ಟೆ ಮುಂದಿಟ್ಟೆ. ಕೈ ತೊಳೆದು ಬಂದು ಪುಟ್ಟ ಬಟ್ಟಲಿಗೆ ಕಾಫಿ ಬಗ್ಗಿಸಿ ಕೊಟ್ಟೆ. ಮನೆಯವರ ಯೋಗಕ್ಷೇಮ, ಆಡುಗಳ ಯೋಗಕ್ಷೇಮ, ಈಯಲು ಮುಂದಾದ ಒಂಟೆಯ ಯೋಗಕ್ಷೇಮ ಎಲ್ಲ ಆಯಿತು. ಅತ್ತೆ ಬಟ್ಟಲು ತೆಗೆದುಕೊಂಡಳು, ತುಟಿಗೆ ತಾಗಿಸದೆ ಚಾಪೆಯ ಮೇಲೆ ಇಟ್ಟಳು.

ನಮ್ಮಲ್ಲಿ ಬಂದವರು ಕಾಫಿ ಮುಟ್ಟದೆ ಕೆಳಗಿಟ್ಟರೆ ಏನೋ ಕೇಳುವುದಿದೆ ಎಂದರ್ಥ. ಕೊಡುತ್ತೇನೆ ಎಂದು ಮನೆಯವನು ಹೇಳುವವರೆಗೆ ಅವರು ಕುಡಿಯುವುದಿಲ್ಲ. ಕುಡಿಯದೆ ಎದ್ದು ಹೋದರೆ ಮನೆಯವನು ಊರಲ್ಲಿ ಮುಖ ಎತ್ತಿ ತಿರುಗುವ ಹಾಗಿಲ್ಲ. ಏನು ಬೇಕು ಎಂದು ಮೊದಲೇ ವಿಚಾರಿಸಬಹುದು, ಬೇಡವೆಂದು ಯಾರೂ ಹೇಳಿಲ್ಲ. ಆದರೆ ಹಾಗೆ ವಿಚಾರಿಸುವವನನ್ನು ನಮ್ಮಪ್ಪ ಅಂಗಡಿಯವನು ಎಂದು ಕರೆಯುತ್ತಿದ್ದ. ನಾನು ನಮ್ಮಪ್ಪನ ಮಗ. ಹೆಚ್ಚೆಂದರೆ ಒಂದು ಜೊತೆ ಟೈರು ಕೇಳಿಯಾಳು, ಇಲ್ಲವೇ ಬ್ಯಾಟರಿ ಎಂದುಕೊಂಡೆ.

"ಕುಡಿ ಅತ್ತೆ. ನೀನು ಕೇಳಿದ್ದು ಆಗಿಹೋಯ್ತು ಅಂತ ತಿಳ್ಕೋ."

"ಮಾತು?"

"ಮಾತು."

ಅತ್ತೆ ಕುಡಿದಳು. ಒಂದಲ್ಲ, ಮೂರು ಬಟ್ಟಲು ಕುಡಿದಳು. ಸಾಕೆಂದು ಬಟ್ಟಲು ಅಲ್ಲಾಡಿಸಿ ಕೊಟ್ಟು, ಬಾಯಿ ಒರೆಸಿಕೊಂಡು, "ಲಾರಿ ಹಿಂದೆ ನೋಡು ಹೋಗು" ಎಂದಳು.

ಲಾರಿಯ ಮೇಲೆ, ಹಿಂಭಾಗದಲ್ಲಿ, ಅವಳ ಪುಟ್ಟ ಜೀಪು ನಿಂತಿತ್ತು. ಹಿಂಭಾಗ ತೆರೆದಿರುವ, ಇಬ್ಬರೇ ಕೂರುವ ಗಾಡಿ ಅದು. ಅತ್ತೆ ಅದನ್ನು ಮಿಡತೆ ಎನ್ನುತ್ತಾಳೆ. ಮಿಡತೆಯ ಬೆನ್ನ ಮೇಲೆ, ಬಿಡಾರಕ್ಕೆ ನೀರು ತರುವ ಟ್ಯಾಂಕು ಇರಬೇಕಾದ ಕಡೆ, ತಾಡಪಾಲು ಸುತ್ತಿದ ಏನೋ ಒಂದು ಇತ್ತು. ತಾಡಪಾಲು ಎತ್ತಿ ನೋಡಿದೆ. ಎಂಜಿನ್ನು, ಗೇರ್‌ಬಾಕ್ಸು, ರೇಡಿಯೇಟರು, ವೈರುಗಳ ಸಮೇತ. ಎಲ್ಲೋ ಗುದ್ದಿಕೊಂಡು ನಜ್ಜುಗುಜ್ಜಾದ ದೊಡ್ಡ ಪಿಕಪ್ಪಿನದು, ಎರಡೂ ಮುಕ್ಕಾಲು ಲೀಟರಿನ ಹತ್ತಿರದ್ದು. ಮಿಡತೆಯಲ್ಲಿ ಈಗಿದ್ದ ಎಂಜಿನ್ನು ಇದರ ಅರ್ಧವೂ ಇಲ್ಲ.

"ಸಿನಾವ್ ಸಂತೇಲಿ ಎರಡು ಆಡು ಕೊಟ್ಟು ತಂದೆ" ಎಂದಳು ಅತ್ತೆ. "ಇದನ್ನ ಅದರೊಳಗೆ ಹಾಕು."

"ಯಾವುದನ್ನ ಯಾವುದರೊಳಗೆ?"

"ಕಣ್ಣು ಚೆನ್ನಾಗಿದ್ಯಲ್ಲ? ದೊಡ್ಡದನ್ನ ಚಿಕ್ಕದರೊಳಗೆ."

"ಅತ್ತೆ, ಇದು ಹಿಡಿಸಲ್ಲ ಅತ್ತೆ! ಒಂಟೇನ ಆಡಿನ ದೊಡ್ಡಿಗೆ ನುಗ್ಗಿಸು ಅಂದ ಹಾಗಾಯ್ತು. ಹಳೇ ಎಂಜಿನ್ನೇ ಬಿಚ್ಚಿ ರಿಂಗು ಪಿಸ್ಟನ್ನು ಹೊಸದು ಹಾಕ್ಕೊಡ್ತೀನಿ, ಹೊಸ ಗಾಡಿ ಹಾಗೆ ಓಡುತ್ತೆ."

"ಹೊಸದಿದ್ದಾಗಲೂ ಅದು ಮರಳು ದಿಬ್ಬ ಹತ್ತಲಿಲ್ಲ. ನಂಗೆ ದಿಬ್ಬ ಹತ್ತೋದು ಬೇಕು."

"ಆಗಲ್ಲ ಅಂದ್ರೆ?"

"ಕಾಫಿ ಕುಡಿದಾಯ್ತಲ್ಲೋ" ಎಂದಳು ಅತ್ತೆ, ನಗುತ್ತಾ.

ಗುಲ್ ಜಮಾನ್ ಕ್ಲಚ್ಚಿನಿಂದ ತಲೆ ಎತ್ತಿದ. ಅವನು ನಕ್ಕಿದ್ದನ್ನು ನಾನು ಆ ವರ್ಷದಲ್ಲಿ ನೋಡಿದ್ದು ಅದೇ ಮೊದಲು.

ವಿಷಯ ಹೀಗಿತ್ತು. ನಮ್ಮ ಮರಳುಗಾಡಿನ ದಿಬ್ಬಗಳು ಉತ್ತರದಿಂದ ದಕ್ಷಿಣಕ್ಕೆ ಸಾಲಾಗಿ ಮಲಗಿವೆ, ನಡುನಡುವೆ ಉದ್ದನೆಯ ಬಯಲು. ಬಯಲಿನುದ್ದಕ್ಕೂ ಯಾರು ಬೇಕಾದರೂ ಓಡಿಸಬಹುದು. ದಿಬ್ಬ ದಾಟಿ ಪಕ್ಕದ ಬಯಲಿಗೆ ಹೋಗುವುದು ಮಾತ್ರ ಎಲ್ಲರಿಗೂ ಆಗುವುದಿಲ್ಲ. ಅತ್ತೆಯ ಬಿಡಾರ ಈ ಬಯಲಲ್ಲಿ. ಅವಳ ಅಕ್ಕ, ನಮ್ಮ ಗಬೀಶಾ ದೊಡ್ಡತ್ತೆ, ಮಗ ಸೊಸೆ ಮೊಮ್ಮಕ್ಕಳ ಜೊತೆ ಇರುವುದು ಪಕ್ಕದ ಬಯಲಲ್ಲಿ. ನೇರವಾಗಿ ಹೋದರೆ ಆರು ಕಿಲೋಮೀಟರು. ಸುತ್ತು ಹಾಕಿ ಬಿದಿಯಾ ಮುಟ್ಟಿ ಮತ್ತೆ ಕೆಳಗಿಳಿದರೆ ಅರವತ್ತು. ಸುಸ್ತಾದ ಮಿಡತೆ ಈಚೆಗೆ ಆ ಸುತ್ತಿನಲ್ಲೂ ಎರಡು ಸಲ ಕುದಿದು ನಿಂತುಬಿಟ್ಟಿತ್ತು. ಅತ್ತೆಯ ದೊಡ್ಡ ಮಗ ಮುಸಲ್ಲಮ್ ಹಗ್ಗ ಕಟ್ಟಿ ಎಳೆದು ತಂದಿದ್ದ, ಊರಿಗೆಲ್ಲ ಹೇಳಿಕೊಂಡೂ ಬಂದಿದ್ದ.

"ಈಗ ಗುಜರಿಯವನಿಗೆ ಮಾತು ಕೊಟ್ಟಿದ್ದಾನಂತೆ" ಎಂದಳು ಅತ್ತೆ. ಈಗ ನಗು ಇರಲಿಲ್ಲ. "ನಾನು ಕೂಗಾಡಿದೆ. ಕೊನೆಗೆ ಒಪ್ಕೊಂಡ. ಮುಂದಿನ ಶುಕ್ರವಾರ ನಮಾಜ್ ಆದ್ಮೇಲೆ, ನೀರು ತುಂಬಿದ ಟ್ಯಾಂಕು ಹಿಂದಿಟ್ಕೊಂಡು, ಯಾರ ಹಗ್ಗಾನೂ ಮುಟ್ಟದೆ ದಿಬ್ಬ ಹತ್ತಿದ್ರೆ ಕೀಲಿ ನಂದು. ಇಲ್ಲಾಂದ್ರೆ ಮಿಡತೆ ಗುಜರಿಗೆ, ನಾನು ಅವರ ಗಾಡಿಯ ಹಿಂದಿನ ಸೀಟಿಗೆ."

"ಮಕ್ಕಳು ಕರ್ಕೊಂಡು ಹೋಗ್ತಾರಲ್ಲ ಅತ್ತೆ. ಒಳ್ಳೆ ಗಾಡಿ, ಏಸಿ ಇದೆ."

ಅತ್ತೆ ನನ್ನನ್ನು ಗುರಾಯಿಸಿ ನೋಡಿದಳು.

"ಕರ್ಕೊಂಡು ಹೋಗ್ತಾರೆ. ಇಲ್ಲ ಅನ್ನಲ್ಲ. ಹೋಗಿ ಕೂತು, ಮಂಡಿ ನೋವು ಹೇಗಿದ್ಯೇ ಅಂತ ಅಕ್ಕನ್ನ ಕೇಳೋ ಹೊತ್ತಿಗೆ ಹೊರಗೆ ಪೊಂಯ್ ಪೊಂಯ್. ಅಮ್ಮಾ ಕೆಲಸ ಇದೆ, ಅಮ್ಮಾ ಹೊತ್ತಾಯ್ತು. ಅವರ ಗಾಡೀಲಿ ಹೋಗಬಹುದು ಕಣೋ ಹುವೇಶಿಲ್, ಕೂರೋಕಾಗಲ್ಲ. ಎರಡು ವರ್ಷ ಆಯ್ತು, ಅವಳ ಹತ್ರ ಒಂದು ಮಾತನ್ನ ಕೊನೇವರೆಗೂ ಆಡಿಲ್ಲ."

ಲಾರಿಯಿಂದ ಮಿಡತೆಯನ್ನು ಇಳಿಸಿಕೊಂಡೆವು.

ಹಳೆಯ ಎಂಜಿನ್ನು ಮಧ್ಯಾಹ್ನದೊಳಗೆ ಹೊರಗೆ ಬಂತು. ಚೈನು ಪುಲ್ಲಿ ಹಾಕಿ ಎತ್ತಿದರೆ ಗಾಳಿಯಲ್ಲಿ ತೊಟ್ಟಿಲಿನ ಹಾಗೆ ತೂಗಿತು. ಇಷ್ಟು ಹಗುರವಾದದ್ದು ಇಷ್ಟು ವರ್ಷ ನೀರು ಹೊತ್ತಿತಲ್ಲ ಎಂದು ನನಗೇ ಅಯ್ಯೋ ಅನ್ನಿಸಿತು. ಆಮೇಲೆ ದೊಡ್ಡದನ್ನು ಎತ್ತಿ ಮೂತಿಯೊಳಗೆ ಇಳಿಸಿದೆವು. ಅರ್ಧ ಇಳಿಯಿತು, ಕಟಕ್ಕೆಂದು ನಿಂತಿತು. ಎಂಜಿನ್ನಿನ ತಳದ ಎಣ್ಣೆ ತೊಟ್ಟಿ ಮುಂದಿನ ಚಕ್ರಗಳ ಅಚ್ಚಿಗೆ ತಾಗುತ್ತಿತ್ತು.

ಗುಲ್ ಜಮಾನ್ ಖರ್ಜೂರದ ಗರಿಯ ಕಡ್ಡಿ ಮುರಿದು ಅಳೆದ. ಟೇಪು ಇದೆ, ಆದರೆ ಟೇಪಿನ ಮೇಲೆ ಅವನಿಗೆ ನಂಬಿಕೆ ಇಲ್ಲ. ಕಡ್ಡಿಯಲ್ಲಿ ಉಗುರಿನಿಂದ ಗುರುತು ಮಾಡಿ ಹೇಳಿದ:

"ಮೇಲೆತ್ತಿದ್ರೆ ಬಾನೆಟ್ಟು ಮುಚ್ಚಲ್ಲ. ಹಿಂದಕ್ಕೆ ತಳ್ಳಿದ್ರೆ ಗೋಡೆ ಅಡ್ಡ."

"ಯಾವ ಗೋಡೆ?"

"ಎಂಜಿನ್ನಿಗೂ ಅತ್ತೆಯ ಕಾಲಿಗೂ ನಡುವೆ ಇರೋ ತಗಡು."

"ಕತ್ತರಿಸು."

"ಕಾಲಿಗೆ ಜಾಗ ಕಮ್ಮಿ ಆಗುತ್ತೆ."

"ಅತ್ತೆ ಬರಿಗಾಲಲ್ಲಿ ಓಡಿಸ್ತಾಳೆ, ಕಾಲೂ ಸಣ್ಣದು. ಕತ್ತರಿಸು ಮಾರಾಯ!"

ಕತ್ತರಿಸಿದೆವು. ಒಂದು ಗೇಣು ಹಿಂದಕ್ಕೆ ತಳ್ಳಿದೆವು. ಹೊಸ ಗೇರ್‌ಬಾಕ್ಸಿನಿಂದ ನಾಲ್ಕು ಚಕ್ರಕ್ಕೂ ಬಲ ಹಂಚುವ ಪೆಟ್ಟಿಗೆಯವರೆಗೆ ಒಂದು ಗಿಡ್ಡ ಶಾಫ್ಟು ಬೇಕಿತ್ತು. ಹತ್ತಿರದ ಇಬ್ರಾ ಪೇಟೆಗೆ ಹೋಗಿ ಲೇತಿನವನ ತಲೆಯ ಮೇಲೆ ಕೂತು ಮಾಡಿಸಿಕೊಂಡು ಬಂದೆ. ಪಿಕಪ್ಪಿನ ರೇಡಿಯೇಟರು ಕೂರಿಸಲು ಮುಂದಿನ ಜಾಲರಿಯನ್ನೇ ಕಿತ್ತೆವು. ಎಂಜಿನ್ ಬದಲಾಯಿಸುವ ಕಾಗದಪತ್ರವನ್ನೆಲ್ಲ ಅತ್ತೆಯೇ ಓಡಾಡಿ ಮುಗಿಸಿದಳು.

ವೈರುಗಳಲ್ಲಿ ಮಾತ್ರ ನನ್ನ ಪ್ರಾಣ ಹೋಯಿತು. ಕಬ್ಬಿಣ ನನ್ನ ಮಾತು ಕೇಳುತ್ತದೆ, ವೈರು ಕೇಳುವುದಿಲ್ಲ. ಭಾನುವಾರ ಪೂರ್ತಿ ಪಿಕಪ್ಪಿನ ನೂರಾರು ವೈರುಗಳ ನಡುವೆ ಕೂತು, ಸಂಜೆ ಹೊತ್ತಿಗೆ ಸ್ಪ್ಯಾನರು ತೆಗೆದು ಗೋಡೆಗೆ ಬೀಸಿ ಒಗೆದೆ.

ಗುಲ್ ಜಮಾನ್ ಹೋಗಿ ಎತ್ತಿಕೊಂಡು ಬಂದ. "ಗೋಡೆಗೆ ಎಂಥ ವೈರು ಜೋಡಿಸಬೇಕಿತ್ತು?" ಎಂದು ಕೇಳಿದ.

"ನಿನ್ನ ತಲೆ!"

"ಕೆಂಪು ವೈರು ಎರಡು ಇದಾವೆ. ನೀನು ಒಂದನ್ನೇ ನೋಡ್ತಿದ್ದೀಯ."

ಹೌದು, ಎರಡಿದ್ದವು. ಮಂಗಳವಾರ ಮಧ್ಯಾಹ್ನ ಕೀಲಿ ತಿರುಗಿಸಿದೆ. ಮಿಡತೆ ಒಮ್ಮೆ ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ಆಮೇಲೆ ಹಿಡಿದುಕೊಂಡಿತು. ಆ ಪುಟ್ಟ ಮೈಯಿಂದ ಅಂಥ ಗಡಸು ದನಿ ಬಂದಾಗ ಪಕ್ಕದ ಗ್ಯಾರೇಜಿನವರೆಲ್ಲ ಕೆಲಸ ಬಿಟ್ಟು ಬಂದು ನಿಂತರು. ನನಗೆ ಖುಷಿ ತಡೆಯಲಾಗಲಿಲ್ಲ. ಎಲ್ಲರಿಗೂ ಹಲ್ವಾ ತರಿಸಿ ಹಂಚಿದೆ, ಗುಲ್ ಜಮಾನನನ್ನು ಎಲ್ಲರೆದುರು ತಬ್ಬಿಕೊಂಡೆ.

ಮಾರನೆಯ ದಿನ, ಬುಧವಾರ, ಅದೇ ಖುಷಿಯಲ್ಲಿ ದಿಬ್ಬದ ಬುಡಕ್ಕೆ ಒಯ್ದೆ. ಮರಳಿನ ಮೇಲೆ ಹಿಡಿತ ಸಿಗಲಿ ಎಂದು ಟೈರುಗಳ ಗಾಳಿ ಇಳಿಸಿದೆ. ಟ್ಯಾಂಕಿಗೆ ನೀರು ತುಂಬಲಿಲ್ಲ. ಮೊದಲು ಖಾಲಿಯಲ್ಲಿ ಹತ್ತಿಸಿ ನೋಡೋಣ, ಆಮೇಲೆ ಭಾರ ಹಾಕೋಣ ಎಂಬ ಲೆಕ್ಕ ನನ್ನದು. ಯಾವ ಮೆಕ್ಯಾನಿಕ್ಕಾದರೂ ಹೀಗೇ ಮಾಡುತ್ತಾನೆ. ದೂರದಿಂದ ಓಡಿಸಿಕೊಂಡು ಬಂದು ಕಾಲು ಪೂರ್ತಿ ಒತ್ತಿದೆ. ಎಂಜಿನ್ನು ಗುಡುಗಿತು. ದಿಬ್ಬದ ಕಾಲುಭಾಗ ಹತ್ತುವಷ್ಟರಲ್ಲಿ ಮಿಡತೆಯ ಮೂತಿ ಮರಳಿಗೆ ನುಗ್ಗಿತು, ಬಂಪರು ಮುಳುಗಿತು, ರೇಡಿಯೇಟರಿನ ಅರ್ಧದವರೆಗೆ ಮರಳು ಬಂತು. ಗುದ್ದಲಿ ಹಿಡಿದು ಬಿಡಿಸಿಕೊಂಡೆವು. ಮತ್ತೆ ಬಂದೆ, ಇನ್ನೂ ಜೋರಾಗಿ, ಮತ್ತೆ ಹೂತಿತು. ಗಾಳಿ ಇನ್ನಷ್ಟು ಇಳಿಸಿದೆ, ಓರೆಯಾಗಿ ಹತ್ತಿಸಿದೆ, ಮಿಡತೆಗೂ ದಿಬ್ಬಕ್ಕೂ ಆ ಎಂಜಿನ್ ಮಾಡಿದವರಿಗೂ ಬಾಯಿಗೆ ಬಂದ ಹಾಗೆ ಬೈದೆ. ಆರು ಸಲ ಹೂತಿತು.

"ಮುಂದುಗಡೆ ಭಾರ ಜಾಸ್ತಿ ಆಯ್ತು" ಎಂದ ಗುಲ್ ಜಮಾನ್, ಗುದ್ದಲಿಗೆ ಒರಗಿಕೊಂಡು.

"ಗೊತ್ತು!"

"ಎಂಜಿನ್ನು ಇನ್ನೂ ಹಿಂದಕ್ಕೆ ಹೋಗಬೇಕು."

"ಅದಕ್ಕೆ ಇನ್ನೂ ಎಂಟು ದಿನ ಬೇಕು. ಅತ್ತೆ ಎಲ್ಲಿ ಕೂರ್ತಾಳೆ, ಬಾನೆಟ್ಟಿನ ಮೇಲಾ?"

ಖಾಲಿಯಲ್ಲೇ ಹತ್ತದ ಗಾಡಿ ತುಂಬಿದ ಮೇಲೆ ಹತ್ತೀತೇ? ಮರಳಿನ ಮೇಲೆ ಕುಕ್ಕರಿಸಿದೆ. ನನ್ನ ನಲವತ್ತಾರು ವರ್ಷದಲ್ಲಿ ಒಮ್ಮೆಯೂ ಕೊಟ್ಟ ಮಾತಿಗೆ ತಪ್ಪಿದವನಲ್ಲ ನಾನು. ಮಾತು ಹೋದರೆ ಹೋಗಲಿ, ಅತ್ತೆಯನ್ನು ಆ ಹಿಂದಿನ ಸೀಟಿಗೆ ತಳ್ಳುವವನು ನಾನೇ ಆದೆನಲ್ಲ.

ಹೇಳಲೇಬೇಕಲ್ಲ. ಸಂಜೆ ಬಿಸಿಲಿರುವಾಗಲೇ ಬಿಡಾರಕ್ಕೆ ಹೋದೆ. ಅತ್ತೆ ಒಂದು ಕಾಲನ್ನು ಮಡಚಿ ಮಂಡಿಯ ಮೇಲೆ ಪಾತ್ರೆ ಇಟ್ಟುಕೊಂಡು ನಿಂತೇ ಒಂಟೆಯ ಹಾಲು ಕರೆಯುತ್ತಿದ್ದಳು. ನಾನು ತಲೆ ತಗ್ಗಿಸಿ ಎಲ್ಲ ಹೇಳಿದೆ. ಹೂತದ್ದು, ಆರು ಸಲ ಹೂತದ್ದು, ಮೂತಿ ಭಾರವಾದದ್ದು.

"ನನ್ನನ್ನ ಕ್ಷಮಿಸು ಅತ್ತೆ. ಎರಡು ಆಡೂ ಹೋಯ್ತು ನಿಂದು."

ಅತ್ತೆ ಕರೆಯುವುದನ್ನು ನಿಲ್ಲಿಸಲಿಲ್ಲ. "ಟ್ಯಾಂಕಿನಲ್ಲಿ ನೀರು ಎಷ್ಟಿತ್ತು?"

"ನೀರಾ? ಇರಲಿಲ್ಲ. ಹಗುರ ಇರ್ಲಿ ಅಂತ ಖಾಲಿ ಬಿಟ್ಟೆ."

ಪಾತ್ರೆಯ ಹಾಲು ತುಳುಕುವ ಹಾಗೆ ಅತ್ತೆ ನಕ್ಕಳು. ಒಂಟೆ ಕೂಡ ತಿರುಗಿ ನೋಡಿತು.

"ಅಯ್ಯೋ ನನ್ನ ಮೆಕ್ಯಾನಿಕ್ಕೇ! ಮುನ್ನೂರು ಲೀಟರು ಹಿಂದಿನ ಚಕ್ರದ ಮೇಲೆ ಕೂತ್ರೆ ಮೂತಿ ತಾನಾಗಿ ಎದ್ದೇಳಲ್ವೇನೋ? ನಾನು ಮದುವೆ ಆಗಿ ಬಂದಾಗಿನಿಂದ ಒಂದು ದಿನ ಆದ್ರೂ ಖಾಲಿ ಗಾಡಿ ಓಡಿಸಿದ್ದನ್ನ ನೋಡಿದ್ದೀಯಾ?"

"ಅತ್ತೆ... ಹೌದಲ್ಲ."

"ಹಳೇ ಎಂಜಿನ್ನು ಹಗುರ, ಹಿಂದೆ ನೀರಿದ್ರೆ ಮೂತಿ ಆಕಾಶ ನೋಡೋದು, ಚುಕ್ಕಾಣಿ ಹಿಡಿತಕ್ಕೇ ಸಿಗ್ತಿರಲಿಲ್ಲ. ಅದಕ್ಕೇ ಎರಡು ಆಡು ಕೊಟ್ಟು ಭಾರದ್ದು ತಂದದ್ದು. ಬರೀ ಗುಡುಗೋದು ಕೇಳೋಕೆ ತಂದೆ ಅಂದ್ಕೊಂಡ್ಯಾ?"

ಹದಿನೆಂಟು ವರ್ಷದ ಗ್ಯಾರೇಜು, ಎರಡು ಮೆಕ್ಯಾನಿಕ್ಕು ತಲೆ, ಒಂದು ಗರಿಕಡ್ಡಿ. ನಮಗ್ಯಾರಿಗೂ ಹೊಳೆಯಲಿಲ್ಲ. ನಾಚಿಕೆಯಾಯಿತು, ನಗುವೂ ಬಂತು. ನಾಳೆ ನೀರು ತುಂಬಿ ಒಮ್ಮೆ ನೋಡೋಣ ಎಂದೆ. ಆಟ ಆಡೋಕೆ ನೀರು ಹೊತ್ತು ತಿರುಗಲ್ಲ, ಶುಕ್ರವಾರವೇ ನೋಡೋಣ ಎಂದು ಅತ್ತೆ ಖಡಾಖಂಡಿತ ಹೇಳಿಬಿಟ್ಟಳು. ಹಾಗಾಗಿ ಗುರುವಾರ ಪೂರ್ತಿ ನನಗೆ ಊಟ ಸೇರಲಿಲ್ಲ. ಅತ್ತೆಯ ಲೆಕ್ಕ ಸರಿಯೇ ಇರಬಹುದು, ಆದರೆ ಲೆಕ್ಕ ಸರಿಯಿದ್ದೂ ಹೂತುಹೋದ ಗಾಡಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಶುಕ್ರವಾರ ನಮಾಜ್ ಮುಗಿಸಿ ಎಲ್ಲರೂ ದಿಬ್ಬದ ಬುಡದಲ್ಲಿ ಸೇರಿದೆವು. ಬಿಡಾರದಲ್ಲಿ ಅನ್ನಕ್ಕೂ ಮಾಂಸಕ್ಕೂ ಒಲೆ ಹಚ್ಚಿಟ್ಟು ಬಂದಿದ್ದರು. ಮುಸಲ್ಲಮ್ ತನ್ನ ಬಿಳಿಯ ದೊಡ್ಡ ಗಾಡಿಯ ಬಾನೆಟ್ಟಿನ ಮೇಲೆ ಹಗ್ಗ ಸುತ್ತಿಟ್ಟುಕೊಂಡು ನಿಂತಿದ್ದ. ಪಕ್ಕದಲ್ಲಿ ಅವನ ತಮ್ಮ ಹಿಲಾಲ್.

"ಏನೋ ಹುವೇಶಿಲ್, ಮಿಡತೆಗೆ ಒಂಟೆಯ ಹೃದಯ ಹಾಕಿದ್ದೀಯಂತೆ?" ಎಂದ ಮುಸಲ್ಲಮ್.

"ಹಾಕಿದ್ದೀನಿ. ನಿನಗೂ ಹಾಕಲಾ? ಇರೋದು ಇಲಿಯದ್ದು ಅಂತ ಕೇಳಿದೆ."

"ಹಗ್ಗ ರೆಡಿ ಇದೆ ಕಣೋ. ನಾಚ್ಕೋಬೇಡ, ಮೂತಿಗೆ ಕಟ್ಟಲಾ ಬಾಲಕ್ಕೆ ಕಟ್ಟಲಾ ಹೇಳು ಸಾಕು."

ನನ್ನ ಬಾಯಲ್ಲಿ ಇನ್ನೂ ನಾಲ್ಕು ಮಾತು ತಯಾರಿದ್ದವು. ಅತ್ತೆ ಕರೆದಳು. ಬರಿಗಾಲಲ್ಲಿ ಚುಕ್ಕಾಣಿಯ ಹಿಂದೆ ಕೂತಿದ್ದಳು. ಹಿಂದೆ ಟ್ಯಾಂಕಿನಲ್ಲಿ ನೀರು ಗುಳುಗುಳು ಎನ್ನುತ್ತಿತ್ತು.

"ಬಾ ಹತ್ಕೋ. ಮಾತು ಕೊಟ್ಟೋನು ನೀನು, ಕೆಳಗೆ ನಿಂತು ನೋಡೋಕೆ ಬಿಡ್ತೀನಾ?"

"ನನ್ನ ಭಾರ ಬೇರೆ ಯಾಕತ್ತೆ?"

"ಹೊಟ್ಟೆ ಅಲ್ಲ ಅಂಗಿ ಅಂದ್ಯಲ್ಲ. ಹತ್ತು."

ಹತ್ತಿದೆ. ಅತ್ತೆ ದಿಬ್ಬವನ್ನು ಬುಡದಿಂದ ನೆತ್ತಿಯವರೆಗೆ ನೋಡಿದಳು. ಗಾಳಿ ಯಾವ ಕಡೆಯಿಂದ ಬೀಸಿದೆ, ಮರಳು ಎಲ್ಲಿ ಗಟ್ಟಿಯಾಗಿದೆ, ಎಲ್ಲಿ ಮೆತ್ತಗಿದೆ ಎಂದು ಬಣ್ಣದಲ್ಲೇ ಓದುತ್ತಾಳೆ. ಆಮೇಲೆ ಕ್ಲಚ್ಚು ಬಿಟ್ಟಳು. ನಾನಾಗಿದ್ದರೆ ಘರ್ಜಿಸುತ್ತಾ ನುಗ್ಗುತ್ತಿದ್ದೆ. ಅವಳು ಕಾಲಿನ ಹೆಬ್ಬೆರಳಲ್ಲಿ ಒತ್ತಿದಳೋ ಇಲ್ಲವೋ ಎನ್ನುವ ಹಾಗೆ ಒತ್ತಿದಳು, ಹಾಗೇ ಹಿಡಿದಳು. ಮಿಡತೆ ಓಡಿತು. ಎಂಜಿನ್ನಿನ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಬುಡ ದಾಟಿತು. ನಾನು ಆರು ಸಲ ಹೂತ ಜಾಗ ಬಂತು, ನನ್ನ ಗುದ್ದಲಿಯ ಗುರುತುಗಳು ಇನ್ನೂ ಇದ್ದವು. ಅತ್ತೆ ಅವನ್ನು ಬಲಕ್ಕೆ ಬಿಟ್ಟು ಮೇಲೆ ಹೋದಳು. ಮೂತಿ ಹೂಳಲಿಲ್ಲ. ನಾನು ಗೊತ್ತಿದ್ದ ಪ್ರಾರ್ಥನೆಯನ್ನೆಲ್ಲ ಹೇಳತೊಡಗಿದೆ.

ಮುಕ್ಕಾಲು ದಾರಿಯಲ್ಲಿ ಮರಳು ಹಿಟ್ಟಿನ ಹಾಗಾಯಿತು. ಗಾಡಿ ನಿಧಾನವಾಯಿತು. ಚಕ್ರಗಳು ಅಗೆಯತೊಡಗಿದ್ದು ಸೀಟಿನಲ್ಲೇ ನನಗೆ ಗೊತ್ತಾಯಿತು.

"ಒತ್ತು ಅತ್ತೆ! ಒತ್ತು!"

"ಸುಮ್ನಿರೋ."

ಒತ್ತಲಿಲ್ಲ. ಚುಕ್ಕಾಣಿಯನ್ನು ಎಡಕ್ಕೆ ಬಲಕ್ಕೆ ಒಂದೊಂದು ಬೆರಳಿನಷ್ಟು ಅಲ್ಲಾಡಿಸಿದಳು. ಮುಂದಿನ ಟೈರುಗಳು ಹೊಸ ಮರಳು ಹಿಡಿದವು. ಹಿಂದಿನ ನೀರು ಒಮ್ಮೆ ದಡಬಡ ಎಂದಿತು. ಮಿಡತೆ ಒಂದು ಮೊಳ ಹೋಯಿತು, ಇನ್ನೊಂದು ಮೊಳ ಹೋಯಿತು. ಕಣ್ಣೆದುರು ಮರಳು ಮುಗಿದು ಬರೀ ಆಕಾಶ ಬಂತು. ಆಮೇಲೆ ಮೂತಿ ಕೆಳಗಿಳಿಯಿತು, ದಿಬ್ಬದ ಆಚೆಯ ಬಯಲು ಪೂರ್ತಿ ಕಂಡಿತು. ಅತ್ತೆ ನೆತ್ತಿಯ ಮೇಲೆ ನಿಲ್ಲಿಸಿದಳು.

ನಾನು ಕಿರುಚಿದೆ. ಏನು ಕಿರುಚಿದೆನೋ ನನಗೇ ಗೊತ್ತಿಲ್ಲ. ಇಳಿದು ಮಿಡತೆಯ ಬಾನೆಟ್ಟಿಗೆ ಮುತ್ತು ಕೊಟ್ಟೆ, ಬಿಸಿಗೆ ತುಟಿ ಚುರ್ ಎಂದಿತು. ಕೆಳಗೆ ಹಿಲಾಲ್ ಎರಡೂ ಕೈ ಎತ್ತಿ ಕುಣಿಯುತ್ತಿದ್ದ. ಮುಸಲ್ಲಮ್ ಹಗ್ಗವನ್ನು ಎತ್ತಿ ಗಾಡಿಯೊಳಗೆ ಹಾಕುತ್ತಿದ್ದ. ಅವನ ಮುಖ ಆ ದೂರದಿಂದ ಕಾಣದೆ ಹೋದದ್ದೇ ನನಗೆ ಒಂದು ಕೊರತೆ.

"ಹತ್ಕೋ" ಎಂದಳು ಅತ್ತೆ.

"ತಿರುಗಿಸ್ಕೋ ಅತ್ತೆ, ಇಳಿಯೋಣ. ಊಟ ಕಾಯ್ತಿದೆ."

"ಊಟ ಎಲ್ಲಿಗೂ ಓಡಿಹೋಗಲ್ಲ" ಎಂದು ಅತ್ತೆ ಗೇರು ಹಾಕಿ, ಆಚೆಯ ಬದಿಗೆ ಇಳಿದಳು.

ಹದಿನೈದು ನಿಮಿಷಕ್ಕೆ ದೊಡ್ಡತ್ತೆಯ ಬಿಡಾರದ ಮುಂದಿದ್ದೆವು. ಮಗ ಸೊಸೆ ಮಕ್ಕಳನ್ನು ಕಟ್ಟಿಕೊಂಡು ಸೂರ್ ಪಟ್ಟಣಕ್ಕೆ ಮದುವೆಗೆ ಹೋಗಿದ್ದರಂತೆ. ಗುರುತಿಲ್ಲದ ಎಂಜಿನ್ನಿನ ಸದ್ದು ಕೇಳಿ ಗಬೀಶಾ ದೊಡ್ಡತ್ತೆ ಕೋಲೂರಿಕೊಂಡು ನೆರಳಿನಿಂದ ಹೊರಗೆ ಬಂದಳು.

"ಯಾರದು ಗಾಡಿ?"

"ನಂದು" ಎಂದಳು ಅತ್ತೆ.

"ಝುವೈನಾ? ಯಾರು ಕರ್ಕೊಂಡು ಬಂದ್ರೇ?"

"ಯಾರೂ ಇಲ್ಲ. ನಾನೇ ಬಂದೆ. ಇವನನ್ನ ನಾನು ಕರ್ಕೊಂಡು ಬಂದೆ."

ದೊಡ್ಡತ್ತೆ ಬಾಯಿಗೆ ಕೈ ಇಟ್ಟುಕೊಂಡಳು. ದಿಬ್ಬ ನೋಡಿದಳು, ಗಾಡಿ ನೋಡಿದಳು, ಮತ್ತೆ ದಿಬ್ಬ ನೋಡಿದಳು. ಇಬ್ಬರೂ ನಮ್ಮ ಕಡೆಯ ರೂಢಿಯಂತೆ ಮೂಗಿಗೆ ಮೂಗು ತಾಗಿಸಿ ಹಾಗೇ ನಿಂತರು, ಬೇಗ ಬಿಡಲಿಲ್ಲ. ದೊಡ್ಡತ್ತೆಯ ಕೋಲು ಕೆಳಗೆ ಬಿದ್ದದ್ದನ್ನು ನಾನು ಎತ್ತಿ ಗೋಡೆಗೆ ಒರಗಿಸಿಟ್ಟೆ.

ನೀರನ್ನು ಅವಳ ತೊಟ್ಟಿಗೆ ಬಿಟ್ಟೆ. ಘಾಫ್ ಮರದ ನೆರಳಲ್ಲಿ ಚಾಪೆ ಹಾಸಿ ಕೂತೆವು. ತೆಳ್ಳಗಿನ ರೊಟ್ಟಿ, ಜೇನು, ಒಣಗಿಸಿದ ಶಾರ್ಕ್ ಮೀನು ಬಂತು. ನನಗೆ ಎಂಜಿನ್ನಿನ ಬಗ್ಗೆ ಯಾರಾದರೂ ಕೇಳಲಿ ಎಂದು ಆಸೆ. ಕೇಳದೆ ಇದ್ದಾಗ ನಾನೇ ಶುರು ಮಾಡಿದೆ. ಎಷ್ಟು ಲೀಟರು, ಎಷ್ಟು ಕುದುರೆ ಬಲ, ತಗಡು ಹೇಗೆ ಕತ್ತರಿಸಿದ್ದು, ಶಾಫ್ಟು ಹೇಗೆ ಮಾಡಿಸಿದ್ದು.

"ಕಾಲಿಗೆ ಬಿಸಿ ತಾಗಲ್ವೇನೇ?" ಎಂದು ದೊಡ್ಡತ್ತೆ ತಂಗಿಯನ್ನು ಕೇಳಿದಳು.

"ತಾಗುತ್ತೆ. ಚಳಿಗಾಲಕ್ಕೆ ಒಳ್ಳೇದು."

ಅಷ್ಟೇ. ಒಂಬತ್ತು ದಿನದ ಕೆಲಸಕ್ಕೆ ಸಿಕ್ಕ ಸರ್ಟಿಫಿಕೇಟು ಅದು. ಅಲ್ಲಿಂದ ಮುಂದೆ ಇಬ್ಬರೂ ನನ್ನನ್ನು ಮರೆತೇಬಿಟ್ಟರು. ಯಾರದೋ ಹೆರಿಗೆ, ಯಾರದೋ ಜಗಳ, ಯಾವುದೋ ಒಂಟೆ ಮರಿಗೆ ಹಾಲು ಬಿಡದಿದ್ದದ್ದು, ಮಂಡಿಗೆ ಯಾವ ಎಣ್ಣೆ. ನಡುವೆ ನಗು. ಒಮ್ಮೆ ದೊಡ್ಡತ್ತೆ ಕಣ್ಣೊರೆಸಿಕೊಂಡಳು, ಅತ್ತೆ ಅವಳ ಮಂಡಿಯ ಮೇಲೆ ಕೈಯಿಟ್ಟು ಒತ್ತುತ್ತಾ ಕೇಳಿಸಿಕೊಂಡಳು. ಅದು ಯಾವ ವಿಷಯಕ್ಕೋ ನನಗೆ ತಿಳಿಯಲಿಲ್ಲ, ನನಗೆ ಸಂಬಂಧಪಟ್ಟದ್ದೂ ಅಲ್ಲ. ನೆರಳು ಚಾಪೆಯಿಂದ ಸರಿಯಿತು, ಚಾಪೆಯನ್ನು ನೆರಳಿನ ಜೊತೆ ಎಳೆದುಕೊಂಡೆವು.

ಮೂರೂವರೆಗೆ ನನ್ನ ಫೋನು ಬಡಿದುಕೊಂಡಿತು. ಮುಸಲ್ಲಮ್.

"ಎಲ್ಲಿದ್ದೀರೋ? ಅನ್ನ ಆರಿ ಕಲ್ಲಾಯ್ತು. ಅಮ್ಮ ಎಲ್ಲಿ? ಗಾಡಿ ಕೈ ಕೊಡ್ತಾ?"

ನಾನು ಫೋನಿಗೆ ಕೈ ಅಡ್ಡ ಹಿಡಿದೆ. ಅತ್ತೆಯ ಮಾತು ಅರ್ಧದಲ್ಲಿತ್ತು, ಅವಳ 'ಆಮೇಲೆ' ಇನ್ನೂ ಬಾಯಲ್ಲೇ ಇತ್ತು. ಇವಳನ್ನು ಈಗ ಎಬ್ಬಿಸಲು ನನಗೆ ಮನಸ್ಸೇ ಬರಲಿಲ್ಲ. ಅವಳಿಗೊಂದು ಒಳ್ಳೆಯದು ಮಾಡೋಣ ಅನ್ನಿಸಿತು. ನನ್ನ ಕೆಲಸಕ್ಕೆ ಕೆಟ್ಟ ಹೆಸರು ಬಂದರೆ ಬರಲಿ, ಮುಸಲ್ಲಮ್ ವರ್ಷಪೂರ್ತಿ ಆಡಿಕೊಂಡರೆ ಆಡಿಕೊಳ್ಳಲಿ ಎಂದು ಗಟ್ಟಿ ಮನಸ್ಸು ಮಾಡಿದೆ.

"ಅತ್ತೆ" ಎಂದು ಪಿಸುಗುಟ್ಟಿದೆ, "ಎಂಜಿನ್ನು ಕಾದಿದೆ, ತಣ್ಣಗಾಗಬೇಕು ಅಂತ ಹೇಳ್ಲಾ? ಇನ್ನೆರಡು ಗಂಟೆ ಸಿಗುತ್ತೆ."

ಅತ್ತೆ ತಿರುಗಿದಳು. ಮುಖವಾಡದ ಹಿಂದೆ ಅವಳ ಕಣ್ಣು ಕೆಂಡವಾಗಿತ್ತು.

"ಯಾಕೋ? ಕಾದಿದ್ಯಾ?"

"ಇಲ್ಲ..."

"ಕೆಟ್ಟಿದ್ಯಾ?"

"ಇಲ್ಲ ಅತ್ತೆ, ಚೆನ್ನಾಗೇ ಇದೆ."

"ಮತ್ತೆ ಯಾವ ಬಾಯಲ್ಲಿ ಸುಳ್ಳು ಹೇಳ್ತೀಯ? ಗಾಡಿ ಚೆನ್ನಾಗಿದೆ ಅಂತ ಹೇಳು. ನಾನು ಕೂತಿದ್ದೀನಿ ಅಂತ ಹೇಳು."

ನಾನು ಫೋನಿನಿಂದ ಕೈ ತೆಗೆದೆ. "ಮುಸಲ್ಲಮ್, ಗಾಡಿ ಚೆನ್ನಾಗಿದೆ. ನಿಮ್ಮಮ್ಮ ಕೂತಿದ್ದಾಳೆ."

ಆ ಕಡೆಯಿಂದ ಅವನ ದನಿ ಮೆಲ್ಲಗೆ ಬಂತು, "ಎಷ್ಟು ಹೊತ್ತು ಕೂರ್ತಾಳಂತೆ?"

ನಾನು ಅತ್ತೆಯ ಮುಖ ನೋಡಿದೆ. ಅವಳು ಫೋನನ್ನು ತಾನೇ ಇಸಿದುಕೊಂಡು ಕಿವಿಗಿಟ್ಟಳು.

"ನಂಗೆ ಗೊತ್ತಿಲ್ಲ ಕಣೋ ಮಗಾ" ಎಂದಳು. ಆ ದನಿಯಲ್ಲಿದ್ದ ಸಂತೋಷ ಕೇಳಿ ನನ್ನ ಕಣ್ಣು ತೇವವಾಯಿತು.

ಫೋನು ನನ್ನ ಕೈಗೆ ಹಾಕಿ, ಕಾಲು ಚಾಚಿಕೊಂಡು, ಅಕ್ಕನ ಕಡೆ ತಿರುಗಿದಳು.

"ಹ್ಞಾ, ಎಲ್ಲಿಗೆ ಬಂದಿತ್ತೇ ಮಾತು?"

ದೊಡ್ಡತ್ತೆಗೂ ನೆನಪಿರಲಿಲ್ಲ. ಮೊದಲಿಂದ ಹೇಳು ಎಂದಳು.